ಮನೆಯ ನೆನಪೆಲ್ಲ ಒಬ್ಬಳ ತಲೆಯಲ್ಲೇ ಯಾಕಿರಬೇಕು?

ಕೆಲಸ ಹಂಚಿಕೊಂಡು ಮಾಡುವ ಮನೆಗಳಲ್ಲೂ ಒಂದು ಕೆಲಸ ಮಾತ್ರ ಹಂಚಿಕೆಯಾಗಿರುವುದಿಲ್ಲ, ನೆನಪಿಟ್ಟುಕೊಳ್ಳುವ ಕೆಲಸ. ಗ್ಯಾಸ್ ಬುಕ್ ಮಾಡಲು ಗಂಡ ತಯಾರಿರುತ್ತಾನೆ, ಆದರೆ ‘ಬುಕ್ ಮಾಡ್ರಿ’ ಅಂತ ಹೇಳಬೇಕಾದವಳು ಹೆಂಡತಿ. ಅತ್ತೆಯ ಬಿ.ಪಿ. ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಗಾಡಿಯ ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಎಲ್ಲ ಅವಳ ತಲೆಯಲ್ಲೇ. ನನಗೆ ಇದು ಅನ್ಯಾಯ ಅನ್ನಿಸುತ್ತೆ. ಅದಕ್ಕೇ ಚಿಕ್ಕಮಗಳೂರಿನ ನಮ್ಮ ಮನೆಯ ಅಡುಗೆಮನೆ ಗೋಡೆಗೆ ಪ್ರತಿ ತಿಂಗಳೂ ಆ ತಿಂಗಳ ಕೆಲಸಗಳ ಒಂದು ಪಟ್ಟಿ ಅಂಟಿಸುತ್ತೇವೆ.

ಪಕ್ಕದಲ್ಲೇ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ ಇವನ್ನೆಲ್ಲ ಹೆಂಗಸರು ಅದರ ಮೇಲೆ ಬರೆದುಕೊಂಡು ಬಂದವರೇ. ಪಟ್ಟಿಯಲ್ಲಿ ಹೊಸದೇನೆಂದರೆ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರಿರುತ್ತೆ. ಹೆಸರಿದ್ದವರಿಗೆ ಯಾರೂ ನೆನಪಿಸಬಾರದು. ಯುಪಿಎಸ್ ಬ್ಯಾಟರಿ ಯಜಮಾನರದ್ದಾದರೆ, ನೀರಿನ ಮಟ್ಟ ನೋಡುವುದಷ್ಟೇ ಅಲ್ಲ, ಡಿಸ್ಟಿಲ್ಡ್ ವಾಟರ್ ಮುಗಿದಿದ್ದರೆ ತರುವುದೂ ಅವರದೇ. (ನಲ್ಲಿ ನೀರು ಹಾಕಬೇಡಿ. ಅದರಲ್ಲಿರುವ ಲವಣಗಳಿಂದ ಬ್ಯಾಟರಿಯ ಪ್ಲೇಟುಗಳು ಹಾಳಾಗುತ್ತವೆ.) ಮೇನ್ ಬೋರ್ಡಿನಲ್ಲಿರುವ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಾದ ಆರ್‌ಸಿಸಿಬಿಯಲ್ಲಿ ‘ಟಿ’ ಅಂತ ಒಂದು ಗುಂಡಿ ಇರುತ್ತೆ, ಅದನ್ನು ಒತ್ತಿದ ಕೂಡಲೇ ಕರೆಂಟ್ ಹೋಗಬೇಕು. ಹೋಗಲಿಲ್ಲವೆಂದರೆ ಶಾಕ್ ಹೊಡೆದಾಗ ಅದು ಕಾಪಾಡುತ್ತೆ ಅಂತ ನಂಬುವ ಹಾಗಿಲ್ಲ, ಎಲೆಕ್ಟ್ರಿಷಿಯನ್‌ನ ಕರೆಯಬೇಕು. ತಿಂಗಳಿಗೊಮ್ಮೆ ಅರ್ಧ ನಿಮಿಷದ ಕೆಲಸ. ಎಷ್ಟು ಮನೆಗಳಲ್ಲಿ ಆ ಗುಂಡಿಯನ್ನು ಒಮ್ಮೆಯಾದರೂ ಒತ್ತಿದ್ದಾರೆ, ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಗ್ಯಾಸ್ ಪೈಪಿನ ಮೇಲೂ ತಾರೀಖು ಅಚ್ಚಾಗಿರುತ್ತೆ, 5 ವರ್ಷಕ್ಕೆ ಬದಲಾಯಿಸಬೇಕು.

ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳು ನಮಗೆ ಒಗ್ಗುವುದಿಲ್ಲ. ಮಲೆನಾಡಿನ ಪಟ್ಟಿಯನ್ನು ಬರೆಸುವುದು ಮಳೆ. ನಮ್ಮಲ್ಲಿ ಮೇ ತಿಂಗಳದ್ದೇ ಎಲ್ಲಕ್ಕಿಂತ ಉದ್ದ: ಒಡೆದ ಹಂಚು ಬದಲಾಯಿಸಬೇಕು, ಸೂರಿನ ಮಳೆನೀರು ಹರಿಯುವ ದೋಣಿಯಲ್ಲಿ ತುಂಬಿದ ತರಗು ತೆಗೆಯಬೇಕು, ಬಚ್ಚಲೊಲೆಗೆ ಒಣ ಸೌದೆ ಒಳಗೆ ಸೇರಬೇಕು, ಬೇಳೆಕಾಳು ಬಿಸಿಲು ಕಾಣಬೇಕು. ಜೂನ್ ಹಿಡಿದರೆ ಇದ್ಯಾವುದೂ ಆಗುವ ಮಾತಲ್ಲ. ಏಪ್ರಿಲ್‌ನಲ್ಲಿ ನಗರಸಭೆಯ ಆಸ್ತಿ ತೆರಿಗೆ, ಆ ತಿಂಗಳೇ ಕಟ್ಟಿದರೆ ಶೇ. 5 ರಿಯಾಯಿತಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಮನೆಯವರು ಪಟ್ಟಿಯನ್ನು ಮೊಟಕು ಮಾಡಿಕೊಳ್ಳುವುದೇ ಸರಿ.

ಎಲ್ಲವನ್ನೂ ತಿಂಗಳಿಗೇ ಕಟ್ಟಿಹಾಕುವುದೂ ತಪ್ಪು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ಇವುಗಳಲ್ಲಿ ನಿಂತ ನೀರು ಚೆಲ್ಲುವ ಸಾಲಿಗೆ ವಾರಕ್ಕೊಂದರಂತೆ ಚೌಕ ಹಾಕಿದ್ದೇವೆ.

‘ನಮ್ಮಜ್ಜಿ ಯಾವ ಪಟ್ಟಿ ಇಟ್ಕೊಂಡಿದ್ರು?’ ಅಂತ ಕೇಳುವವರಿದ್ದಾರೆ. ಅಜ್ಜಿಗೆ ಹಬ್ಬಗಳೇ ಪಟ್ಟಿ. ಯುಗಾದಿಗೆ ಮನೆಯೆಲ್ಲ ಧೂಳು ಹೊಡೆಯುವುದು, ಆಯುಧ ಪೂಜೆಗೆ ಕತ್ತಿ ಗುದ್ದಲಿ ತೊಳೆದಿಡುವುದು, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕುವುದು. ಅಷ್ಟನ್ನೂ ಅಜ್ಜಿಯೇ ಹೊತ್ತಿದ್ದರು, ಅವರಿಗೆ ಅದು ಹಗುರವಾಗಿತ್ತು ಅಂತ ನಾನು ನಂಬುವುದಿಲ್ಲ.

ಮೊಬೈಲಿನಲ್ಲಿ ರಿಮೈಂಡರ್ ಇಟ್ಟರಾಯಿತಲ್ಲ ಅನ್ನುತ್ತಾರೆ. ಆ ರಿಮೈಂಡರ್ ಬಡಿದುಕೊಳ್ಳುವುದು ಮತ್ತೆ ಹೆಂಡತಿಯ ಫೋನಿನಲ್ಲೇ. ಗೋಡೆಯ ಹಾಳೆಯನ್ನು ಕಾಫಿಗೆ ಬಂದವರೆಲ್ಲ ನೋಡುತ್ತಾರೆ, ಯಾರ ಸಾಲಿಗೆ ಟಿಕ್ ಬಿದ್ದಿಲ್ಲ ಅನ್ನುವುದೂ ಕಾಣುತ್ತೆ. ಇನ್ನೊಂದು ಮಾತು, ಹೊಸ ಹಾಳೆ ಬರೆಯುವ ಸರದಿಯೂ ತಿಂಗಳಿಗೊಬ್ಬರಂತೆ ತಿರುಗಬೇಕು. ಈ ತಿಂಗಳದ್ದನ್ನು ಹೈಸ್ಕೂಲಿನಲ್ಲಿರುವ ಮಗ ಬರೆದಿದ್ದಾನೆ, ಅಜ್ಜಿಯ ಮಾತ್ರೆಗಳ ಎಕ್ಸ್‌ಪೈರಿ ನೋಡುವ ಸಾಲಿಗೆ ತನ್ನ ಹೆಸರನ್ನೇ ಹಾಕಿಕೊಂಡಿದ್ದಾನೆ.