15ಕ್ಕೆ ಗುಜರಿ, 50ಕ್ಕೆ ವಿಂಟೇಜ್

ಮುಂಬೈಯಲ್ಲಿರುವ ಅಳಿಯ ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದ. ಒಂದರಲ್ಲಿ ಹೊಚ್ಚ ಹೊಸ ಫೈರ್ ಗಾಡಿ, ತಲೆ ಮೇಲೆ ಮಡಚಿದ ಏಣಿ. ಇನ್ನೊಂದರಲ್ಲಿ ಹಿತ್ತಾಳೆ ಗಂಟೆಯ ಮುದಿ ಗಾಡಿ, ಸುತ್ತ ಹಗ್ಗ ಕಟ್ಟಿದ್ದಾರೆ. ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ ಅಲ್ವಾ, ಪ್ರದರ್ಶನ. 1944ರಲ್ಲಿ ಅದೇ ದಿನ ಅಲ್ಲಿನ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ, ಮದ್ದುಗುಂಡು ಎರಡನ್ನೂ ತುಂಬಿಕೊಂಡಿದ್ದ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ತೀರಿಕೊಂಡರು. ಎರಡನ್ನೂ ಒಂದೇ ಹಡಗಿಗೆ ಹೇರಿದ ಮಹಾನುಭಾವರ ನೆನಪಿಗೂ ಒಂದು ವಾರ ಇರಬೇಕಿತ್ತು.

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಚಾ ಕುಡಿಯುತ್ತಾ ಕಾಕಾಗೆ ಫೋಟೋ ತೋರಿಸಿದೆ. ಫೈರ್ ಗಾಡಿ ಓಡಿಸಿಯೇ ರಿಟೈರ್ ಆದವರು. ಗಂಟೆಯನ್ನೇ ದಿಟ್ಟಿಸಿದರು.

"ಈ ಮುದುಕಿಗೆ ತಿಕ್ಕಿ ತೊಳದು ಹಾರ ಹಾಕ್ಯಾರ. ನನ್ನ ಗಾಡಿ ಏನ್ ಪಾಪ ಮಾಡಿತ್ತು ತಮ್ಮಾ?"

ಪಾಪ ಏನಿಲ್ಲ, ವಯಸ್ಸು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದು, ಗಾಡಿ ಗುಜರಿಗೆ. ದೇಶ ಕಾಯುವ, ಕಾನೂನು ಸುವ್ಯವಸ್ಥೆ ಕಾಯುವ ವಿಶೇಷ ಗಾಡಿಗಳಿಗೆ ವಿನಾಯಿತಿ ಉಂಟು. ಬೆಂಕಿ ಆರಿಸುವುದು ಸುಮ್ನೆ ನೀರು ಹೊಡೆಯುವ ಕೆಲಸ, ಅದರಲ್ಲಿ ವಿಶೇಷ ಏನು?

ಫೈರ್ ಗಾಡಿಯ ಬಾಳು ನೋಡಿ. ದಿನವೆಲ್ಲ ಶೆಡ್ಡಿನಲ್ಲಿ, ತುಂಬಿದ ಟ್ಯಾಂಕಿನೊಂದಿಗೆ. ಬೆಳಿಗ್ಗೆ ಒಮ್ಮೆ ಎಂಜಿನ್ ಗುರ್ ಅನ್ನಿಸಿ, ಪಂಪ್ ಪರೀಕ್ಷಿಸಿ ಮತ್ತೆ ನಿಲ್ಲಿಸುತ್ತಾರೆ. ಕಣಕಿ ಬಣವಿಗೆ ಬೆಂಕಿ ಬಿದ್ದರೆ ಓಟ. ಅಲ್ಲಿ ಹೋದ ಮೇಲೂ ನಿಂತಲ್ಲೇ ದುಡಿಮೆ, ಅದೇ ಎಂಜಿನ್ನೇ ಪಂಪ್ ತಿರುಗಿಸಬೇಕು. ಹೀಗಾಗಿ ಮೀಟರಿನಲ್ಲಿ ಕಿಲೋಮೀಟರ್ ಜಾಸ್ತಿ ಏರುವುದಿಲ್ಲ. ಕಾನೂನು ಮೀಟರನ್ನೂ ನೋಡುವುದಿಲ್ಲ, ಪಂಪನ್ನೂ ನೋಡುವುದಿಲ್ಲ. ಜಾತಕ ನೋಡುತ್ತದೆ.

ಇನ್ನೊಂದು ನಿಯಮವೂ ಇದೆ, 2021ರದ್ದು. ಸ್ವಂತ ಬಳಕೆಯ ಕಾರು, ಬೈಕಿಗೆ 50 ವರ್ಷ ತುಂಬಿದರೆ ಅದು ವಿಂಟೇಜ್. 20,000 ರೂಪಾಯಿ ಕಟ್ಟಿದರೆ ಗೌರವದ ನಂಬರು. ಇದು ಸರ್ಕಾರಿ ಫೈರ್ ಗಾಡಿಗೂ ಸಿಗಲಿ ಅಂದುಕೊಳ್ಳೋಣ. ನಡುವಿನ 35 ವರ್ಷ ಎಲ್ಲಿರಬೇಕು? ಅಜ್ಞಾತವಾಸ ಪಾಂಡವರಿಗೇ ಒಂದು ವರ್ಷ ಇತ್ತು.

ನಮ್ಮ ಕಲಬುರಗಿ ಕೋಟೆಯ ಮೇಲಿರುವ 29 ಅಡಿ ತೋಪಿನ ಪುಣ್ಯ ದೊಡ್ಡದು. ಅದಕ್ಕೆ ಚಕ್ರವಿಲ್ಲ, ಆರ್‌ಟಿಒ ಕಣ್ಣಿಗೆ ಬಿದ್ದಿಲ್ಲ.

ಕಾಕಾ ಬಸಿಯಲ್ಲಿದ್ದ ಕೊನೆಯ ಚಾ ಹೀರಿದರು. "ಆ ಮುದುಕಿ ಹೊಟ್ಯಾಗ ನೀರವೇನ್ ಕೇಳು ನಿಮ್ಮ ಅಳಿಯಗ."

ಕೇಳಿದೆ. ಉತ್ತರ ಬಂತು: "ಗೊತ್ತಿಲ್ಲ ಮಾಮಾ. ಮುಟ್ಟಬೇಡಿ ಅಂತ ಬೋರ್ಡ್ ಹಾಕ್ಯಾರ."