ಬ್ರಿಟನ್ನಿಗೆ ಮತ್ತೆ ನೇಣು ಬೇಕಾ?

2024ರ ಜುಲೈನಲ್ಲಿ ಸೌತ್‌ಪೋರ್ಟ್‌ನಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋಗಿದ್ದ ಮೂವರು ಹುಡುಗಿಯರನ್ನು ಒಬ್ಬ ಚಾಕುವಿನಿಂದ ಇರಿದು ಕೊಂದ. ಆರು, ಏಳು, ಒಂಬತ್ತು ವರ್ಷದ ಮಕ್ಕಳು. ಕೊಂದವನಿಗೆ 17. ಕನಿಷ್ಠ 52 ವರ್ಷ ಜೈಲು ಅಂತ ಕೋರ್ಟು ತೀರ್ಪು ಕೊಟ್ಟಿತು. ಆಮೇಲೆ ಇಲ್ಲಿ ಬ್ರಿಟನ್ನಿನಲ್ಲಿ ಎರಡು ಮಾತು ಜೋರಾಗಿವೆ. ಇಂಥವರನ್ನು ಗಲ್ಲಿಗೆ ಹಾಕಿ ಅನ್ನುವುದು ಒಂದು. ಯುರೋಪಿನ ಮಾನವ ಹಕ್ಕು ಕಾನೂನು ನಮ್ಮ ಕೈ ಕಟ್ಟಿಹಾಕಿದೆ ಅನ್ನುವುದು ಇನ್ನೊಂದು.

ಆ ಸಿಟ್ಟು ನನಗೂ ಬಂದಿದೆ. ಯಾರಿಗೆ ಕರುಳು ಕಿವುಚಲ್ಲ ಹೇಳಿ? ಆದರೂ ನೇಣು ಬೇಡ. ಹಳೇ ಕಾನೂನು ಇದ್ದಿದ್ದರೂ ಆ ಹುಡುಗ ನೇಣಿಗೆ ಹೋಗುತ್ತಿರಲಿಲ್ಲ. 18 ತುಂಬದವರಿಗೆ ಮರಣದಂಡನೆ ಇಲ್ಲ ಅಂತ 1933ರಲ್ಲೇ ಇಲ್ಲಿ ಕಾನೂನಾಗಿತ್ತು. ಹಾಗಾದರೆ ನೇಣು ಯಾರ ಕುತ್ತಿಗೆಗೆ ಬೀಳುತ್ತಿತ್ತು? ಡೆರೆಕ್ ಬೆಂಟ್ಲಿಯ ಕಥೆ ಕೇಳಿ.

1952ರ ನವೆಂಬರ್ 2, ಕ್ರಾಯ್ಡನ್. ಮಿಠಾಯಿ ಗೋದಾಮಿಗೆ ಕನ್ನ ಹಾಕಲು ಇಬ್ಬರು ಹುಡುಗರು ಚಾವಣಿ ಹತ್ತಿದರು. ಕ್ರಿಸ್ಟೋಫರ್ ಕ್ರೇಗ್‌ಗೆ 16, ಕೈಯಲ್ಲಿ ಪಿಸ್ತೂಲು. ಬೆಂಟ್ಲಿಗೆ 19, ಮೂರ್ಛೆರೋಗ, ಓದು ಬರಹ ಬಾರದು, ಬುದ್ಧಿ 11 ವರ್ಷದ ಮಗುವಿನಷ್ಟು. ಪೊಲೀಸರು ಬೆಂಟ್ಲಿಯನ್ನು ಹಿಡಿದುಕೊಂಡರು. ಅವನು ಅವರ ವಶದಲ್ಲಿದ್ದು ಹದಿನೈದು ನಿಮಿಷದಷ್ಟು ಹೊತ್ತು ಕಳೆದ ಮೇಲೆ ಕ್ರೇಗ್ ಹಾರಿಸಿದ ಗುಂಡಿಗೆ ಪೊಲೀಸ್ ಸಿಡ್ನಿ ಮೈಲ್ಸ್ ಸತ್ತರು. ಕ್ರೇಗ್‌ಗೆ 18 ತುಂಬಿಲ್ಲ, ಜೈಲು. ಹತ್ತು ವರ್ಷಕ್ಕೆ ಹೊರಗೆ ಬಂದ. ಗುಂಡು ಹಾರಿಸದ ಬೆಂಟ್ಲಿಗೆ, ಕೊಲೆಯಲ್ಲಿ ಜೊತೆಗಾರ ಅಂತ, ನೇಣು.

ಜ್ಯೂರಿಯೇ ದಯೆ ತೋರಿಸಿ ಅಂದಿತ್ತು. ಅವನನ್ನು ಉಳಿಸಿ ಅನ್ನುವ ಮನವಿಗೆ ಇನ್ನೂರಕ್ಕೂ ಜಾಸ್ತಿ ಸಂಸದರು ಸಹಿ ಹಾಕಿದರು. ಶಿಕ್ಷೆ ಜಾರಿಯಾಗುವ ತನಕ ಇದನ್ನು ಚರ್ಚೆ ಮಾಡುವ ಹಾಗಿಲ್ಲ ಅಂತ ಸ್ಪೀಕರ್ ತಡೆದರು. ಮೊದಲು ನೇಣು ಹಾಕಿ, ಆಮೇಲೆ ಮಾತಾಡಿ ಅಂದ ಹಾಗಾಯ್ತಲ್ವಾ? 1953ರ ಜನವರಿ 28ರ ಬೆಳಿಗ್ಗೆ ವಾಂಡ್ಸ್‌ವರ್ತ್ ಜೈಲಿನಲ್ಲಿ ಅವನನ್ನು ನೇಣಿಗೆ ಹಾಕಿದರು. ಅವನ ಅಕ್ಕ ಐರಿಸ್ ತಮ್ಮನಿಗೆ ನ್ಯಾಯ ಕೇಳುತ್ತಾ ಇಡೀ ಬದುಕು ಕಳೆದಳು. 1997ರಲ್ಲಿ ತೀರಿಕೊಂಡಳು. ಮರುವರ್ಷ ಜುಲೈನಲ್ಲಿ ಮೇಲ್ಮನವಿ ಕೋರ್ಟು, ಅವನಿಗೆ ನ್ಯಾಯವಾದ ವಿಚಾರಣೆಯೇ ಸಿಗಲಿಲ್ಲ ಅಂತ ತೀರ್ಪು ರದ್ದು ಮಾಡಿತು.

ಬೆಂಟ್ಲಿಯನ್ನು ಉಳಿಸಬಹುದಾಗಿದ್ದ ಗೃಹ ಸಚಿವರ ಹೆಸರು ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿ ನಾಯಕ ಗೋರಿಂಗ್‌ನನ್ನು ಪಾಟೀಸವಾಲಿಗೆ ನಿಲ್ಲಿಸಿದ ವಕೀಲರು ಅವರೇ. 1950ರಲ್ಲಿ ರೋಮ್‌ನಲ್ಲಿ ಸಹಿಯಾದ ಯುರೋಪಿನ ಮಾನವ ಹಕ್ಕು ಒಪ್ಪಂದ ರೂಪಿಸಿದ ಪ್ರಮುಖರಲ್ಲೂ ಅವರೊಬ್ಬರು. ಜ್ಯೂರಿ, ಮೇಲ್ಮನವಿ ಕೋರ್ಟು, ಗೃಹ ಸಚಿವ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ ಅನ್ನುವುದು ಬರೀ ಕಲ್ಪನೆ ಅಂತ 1948ರಲ್ಲಿ ಪಾರ್ಲಿಮೆಂಟಿನಲ್ಲಿ ವಾದಿಸಿದ್ದರು. ಬೆಂಟ್ಲಿ ಕೇಸಿನಲ್ಲಿ ಒಬ್ಬರೂ ಅವನನ್ನು ಕಾಪಾಡಲಿಲ್ಲ, ಕೊನೆಯವರು ಸ್ವತಃ ಅವರೇ.

ಅವರು ರೂಪಿಸಿದ ಒಪ್ಪಂದ ಆಗ ಮರಣದಂಡನೆಗೆ ಜಾಗ ಬಿಟ್ಟಿತ್ತು. ಅದಕ್ಕೇ ಯುರೋಪು ನೇಣು ಕಿತ್ತುಕೊಂಡಿತು ಅನ್ನುವ ಮಾತು ನಿಜವಲ್ಲ. ಕೊಲೆಗೆ ಗಲ್ಲುಶಿಕ್ಷೆಯನ್ನು 1965ರಲ್ಲಿ ಐದು ವರ್ಷಕ್ಕೆ ತಡೆದದ್ದು, 1969ರಲ್ಲಿ ಶಾಶ್ವತವಾಗಿ ತೆಗೆದದ್ದು ಬ್ರಿಟನ್ನಿನದೇ ಪಾರ್ಲಿಮೆಂಟು. ಕೊನೆಯ ನೇಣು 1964ರ ಆಗಸ್ಟ್ 13ರಂದೇ ಮುಗಿದಿತ್ತು. ಮರಣದಂಡನೆ ಬೇಡ ಅನ್ನುವ, ಒಪ್ಪಂದಕ್ಕೆ ಆಮೇಲೆ ಸೇರಿಸಿದ 6ನೇ ಮತ್ತು 13ನೇ ಪ್ರೋಟೋಕಾಲ್‌ಗಳಿಗೆ ಬ್ರಿಟನ್ ಸೇರಿದ್ದು 1999 ಮತ್ತು 2003ರಲ್ಲಿ. ಪಾರ್ಲಿಮೆಂಟು ತಾನೇ ಮುಚ್ಚಿದ ಬಾಗಿಲಿಗೆ ಇವು ಬೀಗ, ಅಷ್ಟೇ.

ಆ ಬೀಗ ಬೇಕೇ ಬೇಕು. ಒಂದು ಭಯಂಕರ ಕೊಲೆಯಾದ ವಾರದಲ್ಲಿ ಪಾರ್ಲಿಮೆಂಟು ಹೇಗೆ ನಡೆದುಕೊಳ್ಳುತ್ತೆ ಅಂತ ಯಾರು ಹೇಳಬಲ್ಲರು? 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಎರಡು ಪಬ್‌ಗಳಲ್ಲಿ ಬಾಂಬು ಸಿಡಿದು 21 ಜನ ಸತ್ತರು. ಆರು ಜನಕ್ಕೆ ಜೀವಾವಧಿ ಆಯಿತು. ಅವರು ನಿರಪರಾಧಿಗಳು ಅಂತ ಹೊರಗೆ ಬಂದದ್ದು 1991ರಲ್ಲಿ. ಅವರನ್ನು ಅಂದೇ ಗಲ್ಲಿಗೇರಿಸಿದ್ದರೆ ಬಿಡುಗಡೆಗೆ ಈ ಚಳವಳಿಗಳೇ ಇರುತ್ತಿರಲಿಲ್ಲ, ಜನ ಮರೆತಿರುತ್ತಿದ್ದರು ಅಂದಿದ್ದರು ಲಾರ್ಡ್ ಡೆನ್ನಿಂಗ್. ದೇಶದ ಅತಿ ದೊಡ್ಡ ನ್ಯಾಯಾಧೀಶರಲ್ಲಿ ಒಬ್ಬರು! ಓದಿದಾಗ ಮೈ ಉರಿದುಹೋಯ್ತು.

ಆ ಕಾಲ ಹೋಯ್ತು, ಈಗ ಡಿಎನ್‌ಎ ಇದೆ ಅನ್ನುತ್ತಾರೆ. ಪೀಟರ್ ಸಲ್ಲಿವನ್ 1986ರ ಕೊಲೆಯೊಂದಕ್ಕೆ 38 ವರ್ಷ ಜೈಲಲ್ಲಿದ್ದ. ಡಿಎನ್‌ಎ ಅವನದಲ್ಲ ಅಂತ ಗೊತ್ತಾಗಿ ಬಿಡುಗಡೆಯಾದದ್ದು 2025ರ ಮೇ ತಿಂಗಳಲ್ಲಿ. ಡಿಎನ್‌ಎ ಅವನನ್ನು ಬಿಡಿಸಿತು, ನಿಜ. ಆದರೆ ಅಲ್ಲಿಯ ತನಕ ಅವನು ಬದುಕಿರಬೇಕಿತ್ತಲ್ಲ.

ರಿಫಾರ್ಮ್, ಕನ್ಸರ್ವೇಟಿವ್ ಎರಡೂ ಪಕ್ಷ ಈ ಒಪ್ಪಂದದಿಂದ ಹೊರಬರುತ್ತೇವೆ ಅಂದಿವೆ. ಅವರ ಮಾತೆಲ್ಲ ವಲಸೆಯ ಬಗ್ಗೆ. ಆದರೆ ಹೊರಬಂದರೆ ಈ ಬೀಗವೂ ಹೋಗುತ್ತದೆ. ಇಲ್ಲಿ ನೆಲೆಸಿರುವ ಕನ್ನಡಿಗರೇ, ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ನಮಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಇದೆ. ದಯವಿಟ್ಟು ಹೆಸರು ನೋಂದಾಯಿಸಿಕೊಳ್ಳಿ. ಓಟು ಕೇಳಲು ಮನೆ ಬಾಗಿಲಿಗೆ ಬಂದವರನ್ನು ನೇರವಾಗಿ ಕೇಳಿ: ಒಪ್ಪಂದ ಬಿಟ್ಟ ಮೇಲೆ ಗಲ್ಲುಶಿಕ್ಷೆಯ ಮಸೂದೆ ಬಂದರೆ ನೀವು ಯಾವ ಕಡೆ?