ಮನೆ ಕಟ್ಟಿ ನೋಡು, ಮೋನಾ ಲಿಸಾ ನೇತುಹಾಕಿ ನೋಡು

ಬಾಳೆಹಣ್ಣಿನ ಕಥೆಯನ್ನು ಮತ್ತೆ ಹೇಳಬೇಕಾದ್ದಿಲ್ಲ. ಗೋಡೆಗೆ ಟೇಪಿನಿಂದ ಅಂಟಿಸಿದ ಹಣ್ಣು, 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸಾದಬೀಸ್ ಹರಾಜು, 62 ಲಕ್ಷ ಡಾಲರ್, ಕೊಂಡ ಕ್ರಿಪ್ಟೊ ಕುಬೇರ ಜಸ್ಟಿನ್ ಸನ್ ಹತ್ತು ದಿನ ತುಂಬುವ ಮೊದಲೇ ಹಾಂಗ್‌ಕಾಂಗಿನಲ್ಲಿ ಪತ್ರಕರ್ತರನ್ನು ಕೂಡಿಸಿಕೊಂಡು ಸುಲಿದು ತಿಂದದ್ದು, ಎಲ್ಲ ಎಲ್ಲರಿಗೂ ಬಾಯಿಪಾಠ. ಎಲ್ಲರೂ ನಕ್ಕರು. ಸ್ವಲ್ಪ ಅವಸರಪಟ್ಟೇ ನಕ್ಕರು. ಕೋಟಿಗಟ್ಟಲೆ ಸುರಿದು ಕಲಾಕೃತಿ ಕೊಂಡವರ ಪೈಕಿ ಕೊಂಡದ್ದನ್ನು ಹತ್ತಿರದಿಂದ ನೋಡಿ, ಮುಟ್ಟಿ, ಮೂಸಿ, ತೃಪ್ತಿಯಿಂದ ಅನುಭವಿಸಿದ ಮಹಾನುಭಾವ ಬಹುಶಃ ಇವನೊಬ್ಬನೇ.

ಅಷ್ಟಕ್ಕೂ ಮೌರಿಝಿಯೊ ಕ್ಯಾಟೆಲಾನ್‌ನ ಆ ಕೃತಿಯಲ್ಲಿ ಮಾರಾಟಕ್ಕಿದ್ದದ್ದು ಹಣ್ಣಲ್ಲ, ಪ್ರಮಾಣಪತ್ರ. ಜೊತೆಗೊಂದು ಸೂಚನಾಪತ್ರ: ನೆಲದಿಂದ 175 ಸೆಂಟಿಮೀಟರ್ ಎತ್ತರದಲ್ಲಿ ಅಂಟಿಸಬೇಕು, 7ರಿಂದ 10 ದಿನಕ್ಕೊಮ್ಮೆ ಹಣ್ಣು ಬದಲಿಸಬೇಕು. 2023ರಲ್ಲಿ ಸೋಲ್ ನಗರದ ಮ್ಯೂಸಿಯಮ್ಮಿನಲ್ಲಿ ಒಬ್ಬ ವಿದ್ಯಾರ್ಥಿ ಹಣ್ಣು ತಿಂದು ಸಿಪ್ಪೆಯನ್ನು ಅದೇ ಟೇಪಿನಲ್ಲಿ ಅಂಟಿಸಿ ಹೋದ. ಮ್ಯೂಸಿಯಮ್ಮಿನವರು ಇನ್ನೊಂದು ಹಣ್ಣು ತಂದು ಹಚ್ಚಿದರು, ಮುಗಿಯಿತು. ನಿರ್ವಹಣೆಯ ದೃಷ್ಟಿಯಿಂದ ಇದಕ್ಕಿಂತ ಸಲೀಸಾದ ಕಲಾಕೃತಿ ಜಗತ್ತಿನಲ್ಲಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ, ಮುಂದೆ ಓದಿ.

ಜನರಿಗೊಂದು ಚಟವಿದೆ. "ಜಗತ್ತಿನ ಒಂದೇ ಒಂದು ಕಲಾಕೃತಿ ನಿಮ್ಮದಾಗುವುದಾದರೆ ಯಾವುದು ಬೇಕು?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಚಟ. ಬಾಳೆಹಣ್ಣು ಬೇಕು ಎಂದವರಿಲ್ಲ. ಒಬ್ಬರಿಗೆ ಮೋನಾ ಲಿಸಾ, ಇನ್ನೊಬ್ಬರಿಗೆ ವ್ಯಾನ್ ಗೋನ ಸೂರ್ಯಕಾಂತಿ, ಸ್ವಲ್ಪ ಆಳವಾಗಿ ಯೋಚಿಸುವವನೆಂದು ತೋರಿಸಿಕೊಳ್ಳಬೇಕಾದವರಿಗೆ ಮುಂಕ್‌ನ ಆ ಚೀರುವ ಮನುಷ್ಯ. ಕೇಳುವವರು ಪುಣ್ಯವಂತರು, ಕೊಡುವವರಿಲ್ಲ. ಕೊಟ್ಟರೆನ್ನಿ.

ಮೋನಾ ಲಿಸಾ ಬಟ್ಟೆಯ ಮೇಲೆ ಬರೆದದ್ದಲ್ಲ, ಮರದ ಹಲಗೆಯ ಮೇಲೆ. 77 ಸೆಂಟಿಮೀಟರ್ ಎತ್ತರ, 53 ಅಗಲ, ಒಂದೇ ತುಂಡು ಪಾಪ್ಲರ್. ಐನೂರು ವರ್ಷ ಕಳೆದರೂ ಮರ ಮರವೇ. ಗಾಳಿಯಲ್ಲಿ ತೇವ ಹೆಚ್ಚಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದೂ ಎಳೆಗೆ ಅಡ್ಡಲಾಗಿ. ಮೇಲಿರುವ ಬಿಳಿ ಲೇಪಕ್ಕಾಗಲೀ ಬಣ್ಣಕ್ಕಾಗಲೀ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಆಗ ಬಣ್ಣ ಮೊದಲು ಸಣ್ಣ ಬಟ್ಟಲಿನಂತೆ ಅಂಚು ಎತ್ತುತ್ತದೆ, ಆಮೇಲೆ ಹಕ್ಕಳೆಯಾಗಿ ಉದುರುತ್ತದೆ. ಹಲಗೆಗೆ ಈಗಾಗಲೇ ಮೇಲಂಚಿನಿಂದ ಹಣೆಯವರೆಗೆ ಹಳೆಯ ಸೀಳಿದೆ, ಸುಮಾರು 11 ಸೆಂಟಿಮೀಟರಿನದು. ಅದು ಮುಂದುವರಿಯದಿರಲೆಂದು ಹಿಂದಿನ ಕಾಲದವರೇ ಬೆನ್ನಿಗೆ ಚಿಟ್ಟೆಯಾಕಾರದ ಮರದ ಬೆಣೆ ಕೂರಿಸಿದ್ದರು. ಹೀಗಾಗಿ ನೀವು ಮಾಡಬೇಕಾದ್ದಿಷ್ಟೇ: ಕೋಣೆಯ ಉಷ್ಣಾಂಶ 18ರಿಂದ 21 ಡಿಗ್ರಿಯೊಳಗೆ, ತೇವಾಂಶ ಶೇ 50ರ ಆಸುಪಾಸು. ಹಗಲೂ ರಾತ್ರಿ. ನೀವು ಊರಿಗೆ ಹೋದಾಗಲೂ. ಕರೆಂಟು ಹೋದಾಗಲೂ.

"ಏಸಿ ಹಾಕಿದ್ದೇವಲ್ಲ" ಅನ್ನಬೇಡಿ. ಸರ್ವನಾಶಕ್ಕೆ ಅದೇ ಹೆದ್ದಾರಿ. ಸಂಜೆ ಏಸಿ ಹಾಕಿದಿರಿ, ಅದು ಗಾಳಿಯ ನೀರನ್ನೆಲ್ಲ ಹೀರಿ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕಿಸಿತು, ಹಲಗೆ ಒಣಗಿತು. ಬೆಳಿಗ್ಗೆ ಬಿಲ್ಲಿನ ನೆನಪಾಗಿ ಆಫ್ ಮಾಡಿದಿರಿ, ತೇವವೆಲ್ಲ ವಾಪಸು ಬಂತು, ಹಲಗೆ ಉಬ್ಬಿತು. ತೇವಾಂಶ ದಿನಕ್ಕೊಮ್ಮೆ 40ಕ್ಕೆ ಇಳಿದು 65ಕ್ಕೆ ಹತ್ತುವುದಕ್ಕಿಂತ ಇಡೀ ವರ್ಷ 55ರಲ್ಲಿ ಸುಮ್ಮನೆ ನಿಂತಿರುವುದು ಎಷ್ಟೋ ವಾಸಿ. ಅದಕ್ಕೇ ಬಲ್ಲವರು ಇಡೀ ಕೋಣೆಯ ಹಿಂದೆ ಬೀಳುವುದಿಲ್ಲ. ಚಿತ್ರಕ್ಕಷ್ಟೇ ಗಾಳಿಯಾಡದ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಬೇಕಾದ ತೇವಕ್ಕೆ ಹದ ಮಾಡಿದ ಸಿಲಿಕಾ ಜೆಲ್ ಇಟ್ಟು, ತೇವ ಅಳೆಯುವ ಒಂದು ಹೈಗ್ರೋಮೀಟರ್ ಕಣ್ಣಿಗೆ ಬೀಳುವಂತೆ ಕೂರಿಸುತ್ತಾರೆ. ಆಮೇಲೆ ಅತಿಥಿಗಳು ನಗು ನೋಡುತ್ತಾರೆ, ನೀವು ಮುಳ್ಳು ನೋಡುತ್ತೀರಿ.

ನೇತುಹಾಕುವ ಗೋಡೆ ಹೊರಗೋಡೆಯಾಗಿರಬಾರದು, ಮಳೆಗೆ ನೆನೆದು ತಣ್ಣಗಾಗುತ್ತದೆ, ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಅಡುಗೆಮನೆಯ ಗೋಡೆಯಂತೂ ಬೇಡವೇ ಬೇಡ, ಒಗ್ಗರಣೆಯ ಜಿಡ್ಡು ವಾರ್ನಿಷಿಗೆ ಕೂತರೆ ಧೂಳೂ ಬಂದು ಕೂರುತ್ತದೆ. ಬಚ್ಚಲಿನ ಪೈಪು ಹೋಗುವ ಗೋಡೆಯ ವಿಚಾರ ಹೇಳುವುದೇ ಬೇಡ. ಮನೆಯಲ್ಲಿ ಇನ್ನು ಯಾವ ಗೋಡೆ ಉಳಿಯಿತು ಎಂದು ಲೆಕ್ಕ ಹಾಕಿಕೊಳ್ಳಿ. ಉಳಿದ ಗೋಡೆಗೂ ಒಂದು ಮೊಳೆ, ಒಂದು ತಂತಿ ಸಾಲದು. ಚೌಕಟ್ಟಿನ ಎರಡು ಬದಿಗೆ ಎರಡು ಲೋಹದ ಬಳೆ, ಎರಡು ಕೊಕ್ಕೆ, ಗೋಡೆಯೊಳಗೆ ಸ್ಕ್ರೂ, ಹಿಂದೆ ಗಾಳಿಯಾಡಲು ನಾಲ್ಕು ಮೂಲೆಗೆ ಸಣ್ಣ ಬಿರಡೆ.

ಸೂರ್ಯಕಾಂತಿ ಆರಿಸಿಕೊಂಡವರು ಈಗ ಮೀಸೆಯಡಿ ನಗುತ್ತಿರಬಹುದು. ನಿಮ್ಮ ಪಾಲಿನ ಶತ್ರು ಬೆಳಕು. ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಸೀಸದ ಸಂಯುಕ್ತ, ಬೆಳಕು ಬಿದ್ದಂತೆ ಅದರೊಳಗಿನ ಕ್ರೋಮಿಯಂ ರೂಪ ಬದಲಿಸಿ ಕಂದುಗಟ್ಟುತ್ತದೆ. ಅವನ ಮಲಗುವ ಕೋಣೆಯ ಚಿತ್ರದಲ್ಲಿ ಈಗ ನೀಲಿ ಕಾಣುವ ಗೋಡೆಗಳು ಅವನು ಬರೆದಾಗ ನೇರಳೆ. ಕೆಂಪು ಹಾರಿಹೋಯಿತು, ನೀಲಿ ಉಳಿಯಿತು, ಅದರ ಪ್ರಿಂಟು ಮಾರಿದವರು ನೀಲಿಯನ್ನೇ ಮಾರಿದರು. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ತೈಲಚಿತ್ರಕ್ಕೆ 150ರಿಂದ 200 ಲಕ್ಸ್, ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ ಎಂದು ಮ್ಯೂಸಿಯಮ್ಮುಗಳ ರೂಢಿ. 50 ಲಕ್ಸ್ ಅಂದರೆ ಪತ್ರಿಕೆಯ ಸಣ್ಣಕ್ಷರ ಓದಲು ಕಣ್ಣು ಕಿರಿದು ಮಾಡಬೇಕಾದ ಮಬ್ಬು. ಇನ್ನೊಂದು ವಿಷಯ, ಬೆಳಕಿನ ಹಾನಿಗೆ ವಿಶ್ರಾಂತಿಯ ಔಷಧಿಯಿಲ್ಲ. ಇಂದು ಮಾಸಿದ್ದು ನಾಳೆ ಪರದೆ ಎಳೆದರೆ ವಾಪಸು ಬರುವುದಿಲ್ಲ. ಅರ್ಧ ಬೆಳಕಿನಲ್ಲಿ ಎರಡರಷ್ಟು ಹೊತ್ತು ಇಟ್ಟರೂ ಹಾನಿ ಅಷ್ಟೇ. ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಮ್ಯೂಸಿಯಂ ತನ್ನ ಸೂರ್ಯಕಾಂತಿಯನ್ನು ಇನ್ನು ಯಾವ ಊರಿಗೂ ಕಳಿಸುವುದಿಲ್ಲ ಎಂದು 2019ರಲ್ಲಿ ತೀರ್ಮಾನಿಸಿತು. ನೀವೋ, ಸೋಫಾದ ಮೇಲ್ಗಡೆ, ಕಿಟಕಿಯ ಎದುರು, ಸ್ಪಾಟ್‌ಲೈಟ್ ಕೆಳಗೆ ಎಂದು ಜಾಗ ನೋಡಿಟ್ಟಿದ್ದೀರಿ.

ಚೀರುವವನನ್ನು ಕೇಳಿದವರಿಗೆ ಒಂದೇ ಮಾತು. ಹರಾಜಿಗೆ ಬಂದದ್ದು 1895ರ ಬಣ್ಣದ ಕೋಲಿನ, ಅಂದರೆ ಪ್ಯಾಸ್ಟೆಲ್‌ನ ಪ್ರತಿ. 2012ರಲ್ಲಿ 11.99 ಕೋಟಿ ಡಾಲರಿಗೆ ಹೋಯಿತು. ಪ್ಯಾಸ್ಟೆಲ್ ಅಂದರೆ ಮೂಲತಃ ಒತ್ತಿ ಕೂರಿಸಿದ ಪುಡಿ. ಒಡೆಯುವುದಿಲ್ಲವೆಂದು ಅಗ್ಗದ ಅಕ್ರಿಲಿಕ್ ಹಾಳೆ ಮುಂದೆ ಹಾಕಿ, ಬಟ್ಟೆಯಲ್ಲಿ ಒರೆಸಿದಿರೋ, ಅದರ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಕೆಲವು ವರ್ಷಗಳಲ್ಲಿ ಮುಂಕ್ ರಟ್ಟಿನಿಂದ ಪ್ಲಾಸ್ಟಿಕ್ಕಿಗೆ ವಲಸೆ. ಲ್ಯಾಮಿನೇಟೆಡ್ ಗಾಜೇ ಬೇಕು, ಚಿತ್ರಕ್ಕೂ ಅದಕ್ಕೂ ನಡುವೆ ಅಂತರವೂ ಬೇಕು.

ಕಳ್ಳರ ವಿಚಾರ. ಮೋನಾ ಲಿಸಾಳನ್ನು ನಿಜವಾಗಿಯೂ ಬಾಡಿಗೆ ಕೋಣೆಯಲ್ಲಿಟ್ಟುಕೊಂಡು ಬಾಳಿದ ಒಬ್ಬನೇ ಬಡವ ವಿನ್ಸೆಂಜೊ ಪೆರುಜ್ಜಾ. ಅವಳ ಗಾಜಿನ ಪೆಟ್ಟಿಗೆ ಮಾಡುವ ಕೆಲಸಕ್ಕೆ ಹೋಗಿದ್ದವನು, 1911ರ ಆಗಸ್ಟಿನಲ್ಲಿ ಎತ್ತಿಕೊಂಡು ಬಂದ, ಎರಡು ವರ್ಷಕ್ಕೂ ಮಿಕ್ಕಿ ಇಟ್ಟುಕೊಂಡ. ಎಲ್ಲಿ? ಟ್ರಂಕಿನಲ್ಲಿ. ಇತ್ತ ಅವಳಿದ್ದ ಪ್ಯಾರಿಸಿನ ಮ್ಯೂಸಿಯಂ ಲೂವ್ರ್‌ನಲ್ಲಿ ಜನ ಸಾಲುಗಟ್ಟಿ ನಿಂತು ಖಾಲಿ ಗೋಡೆ ನೋಡಿ ಹೋದರು. ನನ್ನ ಪ್ರಕಾರ ಅವರು ನೋಡಿದ್ದೇ ಹೆಚ್ಚು. ಆಮೇಲೆ 1956ರಲ್ಲಿ ಒಬ್ಬ ಕಲ್ಲೆಸೆದು ಅವಳ ಎಡ ಮೊಣಕೈ ಹತ್ತಿರ ಬಣ್ಣ ಚಕ್ಕೆಯೆಬ್ಬಿಸಿದ, 2022ರಲ್ಲಿ ಇನ್ನೊಬ್ಬ ಕೇಕು ಮೆತ್ತಿದ, 2024ರಲ್ಲಿ ಸೂಪು ಬಿತ್ತು. ಕೊನೆಯ ಎರಡೂ ಗಾಜಿನ ಮೇಲೆ, ಪುಣ್ಯಕ್ಕೆ. ಇಷ್ಟಾಗಿಯೂ ಅದೇ ಲೂವ್ರ್‌ನ ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ "ಲೂವ್ರ್" ಎಂದು 2014ರ ತಪಾಸಣೆಯಲ್ಲಿ ಬಯಲಾಗಿತ್ತಂತೆ. ನಿಮ್ಮ ವೈಫೈ ಪಾಸ್‌ವರ್ಡಿನ ಬಗ್ಗೆ ಇನ್ನು ನಾಚಿಕೊಳ್ಳಬೇಡಿ.

ಮೊಣಕೈ ಎಂದಾಗ ಅಮೆರಿಕದ ಕ್ಯಾಸಿನೊ ಒಡೆಯ ಸ್ಟೀವ್ ವಿನ್ ನೆನಪಾಗುತ್ತಾರೆ. ಪಿಕಾಸೊನ 'ಲ ರೆವ್' ಚಿತ್ರವನ್ನು 2006ರಲ್ಲಿ 13.9 ಕೋಟಿ ಡಾಲರಿಗೆ ಮಾರಲು ಒಪ್ಪಿ, ಕೊನೆಗೊಮ್ಮೆ ಗೆಳೆಯರಿಗೆ ತೋರಿಸುತ್ತ, ವಿವರಿಸುವ ಉತ್ಸಾಹದಲ್ಲಿ ಮೊಣಕೈಯನ್ನು ಕ್ಯಾನ್ವಾಸಿನೊಳಗೆ ತೂರಿಸಿದರು. ಅವರಿಗೆ ಕಣ್ಣಿನ ಕಾಯಿಲೆಯಿತ್ತು, ತೂತು ಬೀಳಿಸಿದ್ದಕ್ಕೆ ನಗುವುದು ಬೇಡ. ನಗಬೇಕಾದ್ದು ಮುಂದಿನದಕ್ಕೆ. ವ್ಯಾಪಾರ ಮುರಿಯಿತು, ಹರಿದ ನೂಲುಗಳನ್ನು ಜೋಡಿಸಿ ರಿಪೇರಿ ಮಾಡಿಸಿದರು, 2013ರಲ್ಲಿ ಅದೇ ಗಿರಾಕಿ ಅದೇ ಚಿತ್ರವನ್ನು 15.5 ಕೋಟಿಗೆ ಕೊಂಡ. ತೂತು ಬಿದ್ದ ಮೇಲೆ ಬೆಲೆ ಏರುವ ಸರಕು ಬೇರೆ ಯಾವುದಾದರೂ ಇದ್ದರೆ ತಿಳಿಸಿ.

ಆ ಗಿರಾಕಿ ಅಮೆರಿಕದ ಹೂಡಿಕೆ ಕುಬೇರ ಸ್ಟೀವನ್ ಕೋಹೆನ್. ಅವರ ಬಳಿಯೇ ಬ್ರಿಟಿಷ್ ಕಲಾವಿದ ಡೇಮಿಯನ್ ಹರ್ಸ್ಟ್‌ನ ಶಾರ್ಕ್ ಇರುವುದು. 1991ರಲ್ಲಿ 14 ಅಡಿಯ ಟೈಗರ್ ಶಾರ್ಕ್ ಒಂದನ್ನು ಫಾರ್ಮಾಲ್ಡಿಹೈಡ್ ತೊಟ್ಟಿಯಲ್ಲಿ ಮುಳುಗಿಸಿ ಕಲೆ ಎಂದರಲ್ಲ, ಅದು. ಯಾವುದೇ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಸಹಾಯಕನನ್ನು ಕೇಳಿದ್ದರೂ ಹೇಳುತ್ತಿದ್ದ: ಅಷ್ಟು ದಪ್ಪದ ದೇಹವನ್ನು ದ್ರಾವಣದಲ್ಲಿ ಬರೀ ಅದ್ದಿಟ್ಟರೆ ಸಾಲದು, ಸೂಜಿ ಹಾಕಿ ಒಳಗೂ ಚುಚ್ಚಬೇಕು, ಇಲ್ಲದಿದ್ದರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಹಾಗೇ ಆಯಿತು. ನೀರು ಕದಡಿತು, ಚರ್ಮ ಸುಕ್ಕಿತು. 1993ರಲ್ಲಿ ಒಳಗಿನದನ್ನೆಲ್ಲ ತೆಗೆದು ಫೈಬರ್‌ಗ್ಲಾಸ್ ಅಚ್ಚಿಗೆ ಚರ್ಮ ಹೊದಿಸಿದರು. ಕೋಹೆನ್ ಕೊಂಡ ಮೇಲೆ 2006ರಲ್ಲಿ ಹೊಸ ಶಾರ್ಕ್ ತರಿಸಿ, ಈ ಸಲ ಚುಚ್ಚಿಸಿ, ತೊಟ್ಟಿಗಿಳಿಸಿದರು. ಶಾರ್ಕ್ ಹೊಸದು, ದ್ರಾವಣ ಹೊಸದು, ಹೆಸರು ಮಾತ್ರ ಹಳೆಯದು. ಬಾಳೆಹಣ್ಣಿಗೂ ಇದಕ್ಕೂ ವ್ಯತ್ಯಾಸ ವಾಸನೆಯದು.

ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ನಿಮ್ಮದು ಎಂದುಕೊಳ್ಳಬೇಡಿ. ಕೃತಿಸ್ವಾಮ್ಯದ ಅವಧಿ ಮುಗಿಯದ ಕಲಾವಿದರದಾದರೆ ನಿಮಗೆ ಸಿಗುವುದು ವಸ್ತು ಮಾತ್ರ. ಅದರ ಕ್ಯಾಲೆಂಡರ್ ಅಚ್ಚು ಹಾಕಿಸಿ ಹಂಚಲು ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೂ ಬಿಲ್ಲಿನ ಬೆಲೆಯಲ್ಲ. ಆ ಬಾಳೆಹಣ್ಣಿಗೆ ಸುತ್ತಿಗೆ ಬಿದ್ದದ್ದು 52 ಲಕ್ಷಕ್ಕೆ, ಮಿಕ್ಕ 10 ಲಕ್ಷ ಹರಾಜು ಮನೆಯ ಕಮಿಷನ್.

ನಿಜವಾದ ದೊಡ್ಡವರು ಈ ರಗಳೆಯನ್ನೆಲ್ಲ ಒಂದೇ ಏಟಿಗೆ ಬಗೆಹರಿಸಿಕೊಂಡಿದ್ದಾರೆ. ಅವರು ಚಿತ್ರವನ್ನು ನೇತುಹಾಕುವುದೇ ಇಲ್ಲ. ಜಿನೀವಾದಂಥ ಕಡೆ ಫ್ರೀಪೋರ್ಟ್ ಎಂಬ ಉಗ್ರಾಣಗಳಿವೆ. ಉಷ್ಣಾಂಶ, ತೇವಾಂಶ, ಬೀಗ, ಕ್ಯಾಮೆರಾ ಎಲ್ಲ ಅಚ್ಚುಕಟ್ಟು, ಒಂದು ತಪ್ಪು ಹುಡುಕಲಾರಿರಿ. ಒಳಗಿರುವಷ್ಟು ಕಾಲ ಸರಕು ಸಾಗಣೆಯಲ್ಲಿದೆ ಎಂದು ಲೆಕ್ಕ, ಆಮದು ಸುಂಕ ಕಟ್ಟಬೇಕಿಲ್ಲ. ಮಾರಿದರೂ ಹೊರಗೆ ಬರಬೇಕಾಗಿಲ್ಲ, ಪೆಟ್ಟಿಗೆ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋದರೆ ಕೈ ಬದಲಾಯಿತು. ಬೆಳಕಿನ ಹಾನಿ ಶೂನ್ಯ. ಮೊಣಕೈಯ ಭಯವಿಲ್ಲ. ಸಂರಕ್ಷಣೆಯ ಪಠ್ಯಪುಸ್ತಕಕ್ಕೆ ನೂರಕ್ಕೆ ನೂರು.

ರ‍್ಯೊಯೆಯಿ ಸೈತೊ ಎಂಬ ಜಪಾನಿ ಉದ್ಯಮಿ 1990ರಲ್ಲಿ ವ್ಯಾನ್ ಗೋನ 'ಡಾಕ್ಟರ್ ಗಾಷೆ'ಯನ್ನು 8.25 ಕೋಟಿ ಡಾಲರಿಗೂ, ಅದೇ ವಾರ ರೆನ್ವಾರ್‌ನ ಚಿತ್ರವೊಂದನ್ನು 7.81 ಕೋಟಿಗೂ ಕೊಂಡು, ತಾನು ಸತ್ತಾಗ ಎರಡನ್ನೂ ತನ್ನ ಜೊತೆ ಸುಡಿ ಎಂದುಬಿಟ್ಟ. ಜಗತ್ತು ಬೊಬ್ಬೆ ಹೊಡೆದ ಮೇಲೆ ತಮಾಷೆಗೆ ಅಂದೆ ಎಂದ. 1996ರಲ್ಲಿ ತೀರಿಕೊಂಡ, ಚಿತ್ರಗಳನ್ನು ಸುಡಲಿಲ್ಲ. 'ಡಾಕ್ಟರ್ ಗಾಷೆ' ಮಾರಾಟವಾಯಿತು, ಎಲ್ಲೋ ಇದೆ. ದಣಿದ ಡಾಕ್ಟರಿನ ಆ ಪ್ರತಿಯನ್ನು ಇಂದು ಸಾಮಾನ್ಯ ಮನುಷ್ಯನೊಬ್ಬ ಹೋಗಿ ನೋಡಿ ಬರುವ ಜಾಗ ಭೂಮಿಯ ಮೇಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬದುಕಿದ್ದಾಗ ಗಿರಾಕಿ ಸಿಕ್ಕಿದ್ದೇ ಅಪರೂಪವಾದ ಒಬ್ಬ ಮನುಷ್ಯ, ಸಾಯುವ ಕೆಲವೇ ವಾರ ಮೊದಲು, ತನ್ನನ್ನು ನೋಡಿಕೊಳ್ಳುತ್ತಿದ್ದ ವೈದ್ಯನ ಮುಖ ಬರೆದ. ಅದು 1990ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಎರವಲು ತೂಗುತ್ತಿತ್ತು, ಟಿಕೆಟ್ಟಿನ ಕಾಸಿಗೆ ಯಾರು ಬೇಕಾದರೂ ನೋಡಬಹುದಿತ್ತು. ಈಗ ಯಾರದೋ ಆಸ್ತಿಪಟ್ಟಿಯ ಒಂದು ಸಾಲು. ಇದನ್ನು ಕಲಾಪ್ರೇಮ ಎಂದು ಕರೆಯುವುದಕ್ಕೆ ಕ್ಯಾಟಲಾಗುಗಳಿಗೆ ನಾಚಿಕೆಯಾಗಬೇಕು.

'ಸಾಲ್ವಟೋರ್ ಮುಂಡಿ' ಎಂಬ ಕ್ರಿಸ್ತನ ಚಿತ್ರದ್ದೂ ಇದೇ ಪಾಡು. ಡಾ ವಿಂಚಿಯದೇ ಹೌದೋ ಅಲ್ಲವೋ ಎಂದು ಪಂಡಿತರು ಇನ್ನೂ ಕಚ್ಚಾಡುತ್ತಿರುವಾಗಲೇ 2017ರಲ್ಲಿ 45 ಕೋಟಿ ಡಾಲರಿಗೆ ಹೋಯಿತು. 2018ರ ಸೆಪ್ಟೆಂಬರಿನಲ್ಲಿ ಅಬುಧಾಬಿಯ ಲೂವ್ರ್‌ನಲ್ಲಿ ಪ್ರದರ್ಶನ ಎಂದು ಸಾರಿದರು, ದಿನ ಹತ್ತಿರ ಬಂದಾಗ ಮುಂದೂಡಿದರು, ಕಾರಣ ಹೇಳಲಿಲ್ಲ. ಅಂದಿನಿಂದ ಸಾರ್ವಜನಿಕರ ಕಣ್ಣಿಗೆ ಬಿದ್ದಿಲ್ಲ. ಅಕ್ರೋಟು ಮರದ ಹಲಗೆ, ಅದರಲ್ಲೊಂದು ಗಂಟು, ಗಂಟಿನ ಸುತ್ತ ಹಳೆಯ ಬಿರುಕು. ಹೈಗ್ರೋಮೀಟರ್ ಎಷ್ಟು ತೋರಿಸುತ್ತಿದೆ ಎಂದು ವಿಚಾರಿಸೋಣವೆಂದರೆ ಫೋನು ಮಾಡುವುದು ಯಾರಿಗೆ?